ಕಿರ್ದಿಯ ಪಕ್ಕದಲ್ಲೊಂದು ಪುಸ್ತಕ

ಪ್ರತಿವರ್ಷ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ರಾಜಾಜಿನಗರದ ನಮ್ಮ ಅಂಗಡಿಸಾಲಿನಲ್ಲಿ ಡೈರಿಗಳು ಕೈಯಿಂದ ಕೈಗೆ ಓಡಾಡುತ್ತವೆ. ಸ್ಟೀಲ್ ಪಾತ್ರೆಯ ಸಗಟು ವ್ಯಾಪಾರಿಗಳು, ಬ್ಯಾಂಕಿನವರು, ವಿಮಾ ಏಜೆಂಟರು, ಲಾರಿ ಆಫೀಸಿನವರು ಎಲ್ಲರೂ ದಪ್ಪ ರಟ್ಟಿನ ಡೈರಿಯೊಂದನ್ನು ಕೊಟ್ಟು ಶುಭ ಹಾರೈಸಿ ಹೋಗುತ್ತಾರೆ. ಮೊಬೈಲ್ ಬಂದ ಮೇಲೆ ಇವುಗಳ ಸಂಖ್ಯೆ ಇಳಿದಿದೆ, ಪದ್ಧತಿ ನಿಂತಿಲ್ಲ. ಹೀಗೆ ಬಂದ ಡೈರಿಯ ಮೊದಲ ಪುಟವನ್ನು ನಮ್ಮಲ್ಲಿ ಬಹುಮಂದಿ ಅತ್ಯಂತ ಮುದ್ದಾದ ಅಕ್ಷರಗಳಲ್ಲಿ ತುಂಬಿಸುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಬರಹ ನಾಲ್ಕು ಸಾಲಿಗೆ ಬರುತ್ತದೆ. ರಥಸಪ್ತಮಿ ಕಳೆಯುವಷ್ಟರಲ್ಲಿ ಪುಟಗಳು ಬರಿದಾಗಿ, ಆ ಡೈರಿ ಹಾಲಿನ ಲೆಕ್ಕಕ್ಕೋ ಮೊಮ್ಮಕ್ಕಳ ಕೂಡುವ ಕಳೆಯುವ ಲೆಕ್ಕಕ್ಕೋ ಒದಗುತ್ತದೆ.

ಇದನ್ನು ಸೋಮಾರಿತನವೆಂದು ಹಳಿಯುವುದು ಸುಲಭ. ಆದರೆ ಅದೇ ವ್ಯಕ್ತಿ ತನ್ನ ಅಂಗಡಿಯ ಕಿರ್ದಿಯನ್ನು ನಲವತ್ತು ವರ್ಷ ಒಂದು ದಿನವೂ ತಪ್ಪದೆ ಬರೆದಿರುತ್ತಾನೆ. ಜ್ವರ ಬಂದ ದಿನವೂ ಬರೆದಿರುತ್ತಾನೆ, ಮಗಳ ಮದುವೆಯ ಹಿಂದಿನ ರಾತ್ರಿಯೂ ಬರೆದಿರುತ್ತಾನೆ. ಆದುದರಿಂದ ಬರೆಯುವ ಶಕ್ತಿಗೆ ಕೊರತೆಯಿಲ್ಲವೆಂಬುದು ಸ್ಪಷ್ಟ. ಕಿರ್ದಿಗೆ ಒಂದು ಗೊತ್ತಾದ ಹೊತ್ತಿದೆ, ಗೊತ್ತಾದ ಸ್ಥಳವಿದೆ, ಬರೆಯದಿದ್ದರೆ ಮರುದಿನ ಬೆಳಗ್ಗೆಯೇ ಎದುರಾಗುವ ತೊಂದರೆಯಿದೆ. ಹೊಸ ವರ್ಷದ ಡೈರಿಗೆ ಈ ಮೂರೂ ಇಲ್ಲ. ಗೂಟವಿಲ್ಲದ ಗೋಡೆಯ ಮೇಲೆ ಚೀಲ ನಿಲ್ಲುವುದೆಂತು? ನಮ್ಮ ಸ್ವಾಧ್ಯಾಯಕ್ಕೆ ಬರುವ ತರುಣರು ದಿನಚರಿ ಬರೆಯುವ ಅಭ್ಯಾಸವನ್ನು ಹೇಗೆ ಆರಂಭಿಸಬೇಕೆಂದು ಕೇಳಿದಾಗ ನಾನು ಹೇಳುವುದಿಷ್ಟೆ: ಹೊಸ ಗೂಟ ಹುಡುಕಬೇಡಿ, ದಿನವೂ ತಪ್ಪದೆ ಮಾಡುವ ಯಾವುದಾದರೊಂದು ಕೆಲಸದ ಗೂಟಕ್ಕೇ ಇದನ್ನೂ ನೇತುಹಾಕಿ.

ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಈ ಎರಡು ಪುಸ್ತಕಗಳ ನಂಟು ಹೊಸದೇನಲ್ಲ. ಇಂಗ್ಲಿಷಿನಲ್ಲಿ ವ್ಯಾಪಾರಿಯ ಲೆಕ್ಕದ ಪುಸ್ತಕಕ್ಕೂ ಆತ್ಮೀಯ ದಿನಚರಿಗೂ ಜರ್ನಲ್ ಎಂಬ ಒಂದೇ ಹೆಸರು. ಅದರ ಮೂಲದಲ್ಲಿರುವುದು ಫ್ರೆಂಚ್ ಭಾಷೆಯ ದಿನವೆಂಬ ಅರ್ಥದ ಪದ. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಲೂಕಾ ಪಾಚೋಲಿ ಎಂಬ ಕ್ರೈಸ್ತ ಸಂನ್ಯಾಸಿ ವ್ಯಾಪಾರಿಗೆ ಮೂರು ಪುಸ್ತಕಗಳನ್ನು ವಿಧಿಸಿದ್ದಾನೆ. ನಡೆದದ್ದನ್ನು ನಡೆದಂತೆ ಗುರುತು ಹಾಕಿಕೊಳ್ಳುವ ಜ್ಞಾಪಕದ ಪುಸ್ತಕ, ಅದನ್ನು ಕ್ರಮಪಡಿಸುವ ಜರ್ನಲ್, ಕೊನೆಗೆ ಖಾತೆ. ನಮ್ಮ ಬಿ.ಕಾಂ. ತರಗತಿಯಲ್ಲಿ ಜರ್ನಲಿನ ಪ್ರತಿ ನಮೂದಿನ ಕೆಳಗೂ ನರೇಷನ್ ಎಂಬ ಒಂದು ಸಾಲಿನ ವಿವರಣೆ ಬರೆಯಲೇಬೇಕಾಗಿತ್ತು. ಹಣ ಹೋಯಿತು, ಸರಿ, ಏತಕ್ಕಾಗಿ ಹೋಯಿತು? ಆ ಸಾಲನ್ನು ಬಿಟ್ಟವರಿಗೆ ನಮ್ಮ ಅಧ್ಯಾಪಕರು ಅರ್ಧ ಅಂಕವನ್ನು ನಿರ್ದಾಕ್ಷಿಣ್ಯವಾಗಿ ಕಳೆಯುತ್ತಿದ್ದರು. ದಿನಚರಿಯೆಂದರೆ ಮೊತ್ತದ ಅಂಕಣವಿಲ್ಲದ ನರೇಷನ್ ಎಂದು ನಾನು ತಿಳಿದಿದ್ದೇನೆ.

ನಮ್ಮ ನಾಡಿನ ವ್ಯಾಪಾರಿಗಳು ಕಾಗದಕ್ಕಿಂತ ಮುಂಚೆ ಬಳಸುತ್ತಿದ್ದ ಕಡತವನ್ನು ಇಲ್ಲಿ ನೆನೆಯಬೇಕು. ಈಗ ಸರ್ಕಾರಿ ಕಚೇರಿಯ ಫೈಲಿಗೆ ಕಡತವೆನ್ನುತ್ತೇವೆ. ಆದರೆ ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ, ಮಠಗಳ ಆಯವ್ಯಯ, ಅಂಗಡಿಯ ಕೊಡುಕೊಳ್ಳುವಿಕೆ ಎಲ್ಲವೂ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ. ಬೇಡವಾದಾಗ ಬರಹವನ್ನು ಒರೆಸಿ ಹೊಸದಾಗಿ ಬರೆಯಬಹುದಾಗಿತ್ತೆಂಬುದು ಅದರ ಇನ್ನೊಂದು ಗುಣ. ಇದರ ಪ್ರಸ್ತಾಪ ಮುಂದೆ ಬರುತ್ತದೆ.

ಧರ್ಮದ ದೃಷ್ಟಿಯಿಂದ ನೋಡಿದರೂ ದಿನದ ಲೆಕ್ಕವನ್ನು ದಿನವೇ ನೋಡಿಕೊಳ್ಳುವುದು ನಮಗೆ ಪರಕೀಯವಲ್ಲ. ಪ್ರತಿಕ್ರಮಣದಲ್ಲಿ ದೈವಸಿಕ, ರಾತ್ರಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕವೆಂಬ ಭೇದಗಳನ್ನು ವಾಚಕರು ಬಲ್ಲರು. ಹಗಲಿನದು ಸಂಜೆಗೆ, ರಾತ್ರಿಯದು ಬೆಳಗಿಗೆ, ಹದಿನೈದು ದಿನಗಳದು ಪಕ್ಷಾಂತ್ಯಕ್ಕೆ. ಲೆಕ್ಕಶಾಸ್ತ್ರದವನ ಕಣ್ಣಿಗೆ ಇದು ದಿನದ ಮುಕ್ತಾಯ, ಮಾಸಿಕ ತಾಳೆ, ವಾರ್ಷಿಕ ತಃಖ್ತೆ ಎಂಬಂತೆ ಕಂಡರೆ ತಪ್ಪಿಲ್ಲ. ಆದರೆ ನಾವು ಓದುವ ಪಾಠದಲ್ಲಿ ಸಕಲ ದೋಷಗಳೂ ಸಾಮಾನ್ಯ ರೂಪದಲ್ಲಿ ಉಕ್ತವಾಗಿವೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಮಸ್ತ ಜೀವಗಳ ಕ್ಷಮೆಯನ್ನೂ ನಾವು ಯಾಚಿಸುತ್ತೇವೆ. ಈ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಕೌಂಟರಿನ ಆಚೆ ನಿಂತಿದ್ದ ಒಬ್ಬ ವ್ಯಕ್ತಿಯ ವಿಷಯ ಅದರಲ್ಲಿ ಇಲ್ಲ, ಇರಲೂ ಸಾಧ್ಯವಿಲ್ಲ. ಅದನ್ನು ತುಂಬಬೇಕಾದವರು ನಾವು. ಪ್ರತಿಕ್ರಮಣಕ್ಕೆ ಮೊದಲು ಆಲೋಚನೆ ಎಂಬ ಕ್ರಮವನ್ನು ಹಿರಿಯರು ಇಟ್ಟಿರುವುದು ಇದಕ್ಕಾಗಿಯೇ ಇರಬೇಕು.

ವ್ಯಾಪಾರಿಗೆ ಇದಕ್ಕೆಲ್ಲ ಬಿಡುವೆಲ್ಲಿ ಎಂಬ ಆಕ್ಷೇಪಣೆಗೆ ಉತ್ತರ ಗಾಂಧೀಜಿಯವರ ಆತ್ಮಕಥೆಯಲ್ಲಿಯೇ ಇದೆ. 1891ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಬಂದಿಳಿದಾಗ ಅವರಿಗೆ ಶ್ರೀಮದ್ ರಾಜಚಂದ್ರರ ಪರಿಚಯವಾಯಿತು. 1867ರಲ್ಲಿ ಸೌರಾಷ್ಟ್ರದ ವವಾಣಿಯಾದಲ್ಲಿ ಜನಿಸಿದ ರಾಜಚಂದ್ರರು ಮುತ್ತು ವಜ್ರಗಳ ವ್ಯಾಪಾರಿಗಳು. ಲಕ್ಷಾಂತರ ರೂಪಾಯಿಗಳ ವಹಿವಾಟು. ಅವರ ವ್ಯಾಪಾರದ ಮೇಜಿನ ಮೇಲೆ ಯಾವಾಗಲೂ ಒಂದು ಧರ್ಮಗ್ರಂಥವೂ ಒಂದು ದಿನಚರಿಯೂ ಇರುತ್ತಿದ್ದವೆಂದೂ, ವ್ಯವಹಾರದ ಮಾತು ಮುಗಿದ ಕೂಡಲೇ ಅವುಗಳಲ್ಲಿ ಒಂದನ್ನು ತೆರೆಯುತ್ತಿದ್ದರೆಂದೂ ಗಾಂಧೀಜಿ ಬರೆದಿದ್ದಾರೆ. 1901ರಲ್ಲಿ, ಕೇವಲ ಮೂವತ್ತಮೂರನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ಮೇಜು. ದಿನಚರಿಯು ಮನೆಯ ಬೀರುವಿನಲ್ಲಿರಲಿಲ್ಲ; ತೂಕ, ಬೆಲೆ, ಹುಂಡಿಗಳ ನಡುವೆಯೇ ಇತ್ತು.

ಅವರಿಗಿಂತ ಎರಡೂವರೆ ಶತಮಾನ ಹಿಂದೆ ಆಗ್ರಾದಲ್ಲಿ ಇನ್ನೊಬ್ಬ ಜೈನ ವ್ಯಾಪಾರಿ ತನ್ನ ಬದುಕಿನ ಲೆಕ್ಕವನ್ನು ಬರೆದಿಟ್ಟನು. 1586ರಲ್ಲಿ ಜೌನ್‌ಪುರದಲ್ಲಿ ಜನಿಸಿದ ಬನಾರಸೀದಾಸನು 1641ರಲ್ಲಿ ರಚಿಸಿದ ಅರ್ಧಕಥಾನಕವು ನಮ್ಮ ದೇಶದ ಭಾಷೆಗಳಲ್ಲಿ ಬಂದ ಅತ್ಯಂತ ಹಳೆಯ ಆತ್ಮಕಥೆಗಳಲ್ಲಿ ಒಂದು. ಮನುಷ್ಯನ ಪೂರ್ಣಾಯುಸ್ಸು ನೂರಹತ್ತು ವರ್ಷ, ತನಗೀಗ ಐವತ್ತೈದು, ಆದ್ದರಿಂದ ಇದು ಅರ್ಧ ಕಥೆ ಎಂಬುದು ಅವನ ಲೆಕ್ಕ. ವ್ಯಾಪಾರದಲ್ಲಿ ಸೋತು ಆಗ್ರಾದ ಕಚೋರಿ ಅಂಗಡಿಯವನ ಬಳಿ ತಿಂಗಳುಗಟ್ಟಲೆ ಉದ್ದರಿಯಲ್ಲಿ ತಿಂದು ಬದುಕಿದ್ದನ್ನು ಅವನು ಮುಚ್ಚಿಡುವುದಿಲ್ಲ. ತಾನೇ ಬರೆದ ಶೃಂಗಾರ ಕಾವ್ಯವನ್ನು ಗೋಮತಿ ನದಿಗೆ ಎಸೆದದ್ದನ್ನೂ ಹೇಳುತ್ತಾನೆ. ಹುಟ್ಟಿದ ಒಂಬತ್ತು ಮಕ್ಕಳೂ ತೀರಿಕೊಂಡ ಸಂಗತಿಯನ್ನು ಹೆಚ್ಚು ಮಾತಿಲ್ಲದೆ ದಾಖಲಿಸುತ್ತಾನೆ. ಗ್ರಂಥದ ಕೊನೆಯ ಭಾಗದಲ್ಲಿ ತನ್ನ ಗುಣಗಳನ್ನು ಒಂದು ಕಡೆ, ದೋಷಗಳನ್ನು ಒಂದು ಕಡೆ ಎಣಿಸಿಡುತ್ತಾನೆ. ಇದು ಜಮಾ ಖರ್ಚು ಬರೆದು ಪಳಗಿದ ಕೈ. ಗುಣಗಳನ್ನೂ ಬರೆದಿದ್ದಾನೆಂಬುದನ್ನು ಗಮನಿಸಬೇಕು. ದಿನಚರಿಯೆಂದರೆ ತನ್ನನ್ನು ತಾನು ಬೈದುಕೊಳ್ಳುವ ಪುಸ್ತಕವೆಂದು ಭಾವಿಸಿದವರು ಹದಿನೈದು ದಿನಗಳಿಗಿಂತ ಹೆಚ್ಚು ಕಾಲ ಬರೆಯಲಾರರು. ಜಮಾ ಬರೆಯದೆ ಖರ್ಚನ್ನಷ್ಟೇ ಬರೆದ ಕಿರ್ದಿಯನ್ನು ಯಾವ ಆಡಿಟರು ಒಪ್ಪುತ್ತಾನೆ?

ನನ್ನ ಪುಸ್ತಕ ಆರಂಭವಾದದ್ದು 2020ರ ಮಾರ್ಚ್ 25ರಂದು. ಅಂದು ಯುಗಾದಿ, ದೇಶವೆಲ್ಲ ಬಾಗಿಲು ಹಾಕಿದ ಮೊದಲ ದಿನವೂ ಅದೇ. ವರ್ಷಾಂತ್ಯದ ಕೆಲಸಕ್ಕೆಂದು ಕಿರ್ದಿಯನ್ನು ಬಸವೇಶ್ವರನಗರದ ಮನೆಗೆ ತಂದಿದ್ದೆ. ರಾತ್ರಿ ಎಂಟೂವರೆಗೆ ಅಭ್ಯಾಸಬಲದಿಂದ ಅದನ್ನು ತೆರೆದು ಶಾರ್ವರಿ ಸಂವತ್ಸರವೆಂದು ಬರೆದೆ. ಜಮಾ ಇಲ್ಲ, ಖರ್ಚಿಲ್ಲ. ದಿನವೇನೋ ಕಳೆದಿತ್ತು, ಪುಸ್ತಕದ ಪ್ರಕಾರ ಅದು ನಡೆದೇ ಇರಲಿಲ್ಲ. ಮೊಮ್ಮಗಳು ಅರ್ಧ ಬರೆದು ಬಿಟ್ಟಿದ್ದ ನೂರು ಪುಟದ ನೋಟ್‌ಬುಕ್ಕನ್ನು ತೆಗೆದುಕೊಂಡು ಮೂರು ಸಾಲು ಬರೆದೆ. ಊರಿಗೆ ಹೋಗಿದ್ದ ಇಬ್ಬರು ಕೆಲಸದ ಹುಡುಗರಿಗೆ ಸಂಬಳ ಕಳಿಸಬೇಕೆಂಬುದು ಅದರಲ್ಲೊಂದು. ಬರೆದಾದ ಮೇಲೆ ಅದು ಕೊಡಬೇಕಾದ ಬಾಕಿಯಾಗಿ ಕಣ್ಣೆದುರು ನಿಂತಿತು. ಮನಸ್ಸಿನಲ್ಲಿಯೇ ಇದ್ದಿದ್ದರೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿತ್ತೆಂದು ಹೇಳಲಾರೆ.

ಅಂಗಡಿ ತೆರೆದ ಮೇಲೂ ಅದು ನಿಲ್ಲಲಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಡಬ್ಬಿಯ ಊಟವನ್ನು ಅಂಗಡಿಯಲ್ಲೇ ಮುಗಿಸುವ ನಮ್ಮಂಥವರಿಗೆ ರಾತ್ರಿ ಮನೆಗೆ ಓಡುವ ಅವಸರವಿಲ್ಲ. ಶಟರ್ ಅರ್ಧ ಇಳಿಸಿ ಕಿರ್ದಿ ಮುಗಿಸುತ್ತೇನೆ, ನಗದನ್ನು ತಾಳೆ ನೋಡುತ್ತೇನೆ, ಅದೇ ಪೆನ್ನಿನಿಂದ ಪಕ್ಕದ ನೋಟ್‌ಬುಕ್ಕಿನಲ್ಲಿ ಮೂರು ಸಾಲು. ಹೆಚ್ಚು ಬರೆಯುವ ಉತ್ಸಾಹ ಬಂದ ದಿನವೂ ಮೂರೇ ಸಾಲು. ಆ ಉತ್ಸಾಹವೇ ಮರುವಾರ ಪುಸ್ತಕವನ್ನು ಮುಚ್ಚಿಸುತ್ತದೆಂಬುದು ನನ್ನ ಅನುಮಾನ. ಅಚ್ಚಾದ ದಿನಾಂಕಗಳ ಡೈರಿ ಬೇಡ. ಬಿಟ್ಟುಹೋದ ಪುಟಗಳು ಅದರಲ್ಲಿ ಬಾಯಿ ತೆರೆದುಕೊಂಡು ನಮ್ಮನ್ನೇ ನೋಡುತ್ತಿರುತ್ತವೆ. ಶಾಲೆಯ ನೋಟ್‌ಬುಕ್ಕಿಗೆ ಆ ಕಾಟವಿಲ್ಲ. ಮೆಟ್ರೋದಲ್ಲಿ ವಿಜಯನಗರದಿಂದ ಕೆಂಗೇರಿ ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲಿಯೇ ಬರೆದು ಮುಗಿಸುವ ತರುಣರಿದ್ದಾರೆ. ಬರೆಯಲಿ, ಆಕ್ಷೇಪಣೆಯಿಲ್ಲ, ಮಧ್ಯೆ ಬೇರೊಂದು ಸಂದೇಶ ಬಂದು ಕೈ ಅತ್ತ ಹೋಗದಿದ್ದರೆ. ಚಿಕ್ಕದಾಗಿ ಬರೆದರೆ ಪ್ರಯೋಜನವೇನೆಂದು ಕೇಳುವವರು ಕುವೆಂಪು ಅವರ ನೆನಪಿನ ದೋಣಿಯಲ್ಲಿ ಗ್ರಂಥವನ್ನು ನೋಡಬಹುದು. 1980ರಲ್ಲಿ ಪ್ರಕಟವಾದ ಆ ಬೃಹತ್ ಆತ್ಮಕಥೆಗೆ ಮೈಸೂರಿನ ವಿದ್ಯಾರ್ಥಿ ದಿನಗಳ ದಿನಚರಿಯ ಟಿಪ್ಪಣಿಗಳು ಎಷ್ಟೊಂದು ಆಸರೆಯಾಗಿವೆ!

ಇನ್ನು ಏನನ್ನು ಬರೆಯಬೇಕು, ಏನನ್ನು ಬರೆಯಬಾರದು? ಈ ವಿಷಯದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಿಗಿಂತ ಉತ್ತಮ ಮಾರ್ಗದರ್ಶನ ನನಗೆ ದೊರೆತಿಲ್ಲ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಕೂಟಲೇಖವೆಂದರೆ ಸುಳ್ಳು ದಾಖಲೆ. ಮೂರು ದಿನ ಬಿಟ್ಟು ನಾಲ್ಕನೆಯ ದಿನ ಕುಳಿತು, ಹಿಂದಿನ ದಿನಾಂಕಗಳನ್ನು ಹಾಕಿ ಅಂದಂದೇ ಬರೆದಂತೆ ತುಂಬಿಸುವುದು ಅದರ ಅತಿ ಸಣ್ಣ ಮರಿ. ದಿನ ತಪ್ಪಿತೇ? ಇಂದಿನ ದಿನಾಂಕ ಹಾಕಿ ಮುಂದುವರಿಯಬೇಕು. ಅದಕ್ಕಿಂತ ಸೂಕ್ಷ್ಮವಾದ ಕೂಟಲೇಖ ಇನ್ನೊಂದಿದೆ: ಮುಂದೆ ಮಕ್ಕಳು ಓದಿಯಾರೆಂದು ಊಹಿಸಿ ತನ್ನ ನಡತೆಗೆ ಸುಣ್ಣ ಹೊಡೆದು ಬರೆಯುವುದು. ಇದಕ್ಕೆ ಸಾಕ್ಷಿಯೂ ಇಲ್ಲ, ಆಡಿಟರೂ ಇಲ್ಲ.

ರಹೋಭ್ಯಾಖ್ಯಾನವೆಂದರೆ ಪರರ ರಹಸ್ಯವನ್ನು ಹೊರಗೆಡಹುವುದು. ಸಾಕಾರಮಂತ್ರಭೇದವೆಂದರೆ ಮುಖಭಾವ, ಹಾವಭಾವಗಳಿಂದ ಇನ್ನೊಬ್ಬರ ಮನಸ್ಸಿನ ಮಾತನ್ನು ಊಹಿಸಿ ಬಯಲು ಮಾಡುವುದು. ಕೌಂಟರಿನ ಹಿಂದೆ ಕುಳಿತವನಿಗೆ ದಿನಕ್ಕೆ ಹತ್ತು ಮನೆಗಳ ಗುಟ್ಟು ತಾನಾಗಿಯೇ ತಿಳಿಯುತ್ತದೆ. ಯಾರ ಮಗಳ ಮದುವೆ ಮುರಿಯಿತು, ಯಾರ ಕಾರ್ಖಾನೆ ಮುಚ್ಚಿತು, ಯಾರು ಉದ್ದರಿ ಕೇಳಲು ಬಂದು ಕೇಳದೆ ಹೋದರು. ಇದನ್ನೆಲ್ಲ ಹೆಸರು ಸಹಿತ ಬರೆದಿಟ್ಟರೆ ನೋಟ್‌ಬುಕ್ಕು ಕಳ್ಳಮಾಲಿನ ಉಗ್ರಾಣವಾಗುತ್ತದೆ. ಆದ್ದರಿಂದ ನನ್ನ ಪುಸ್ತಕದಲ್ಲಿ ಖಾತೆ ಒಂದೇ, ಅದು ನನ್ನದು. ಎದುರಿನವರು ಏನು ಮಾಡಿದರೆಂಬುದನ್ನು ಬರೆಯುವುದಿಲ್ಲ; ಅದರಿಂದ ನನ್ನಲ್ಲಿ ಏನಾಯಿತು, ನಾನೇನು ಮಾಡಿದೆ ಎಂಬುದನ್ನು ಬರೆಯುತ್ತೇನೆ. ಇಷ್ಟು ಕಟ್ಟುನಿಟ್ಟು ಮಾಡಿದರೆ ಪುಸ್ತಕ ಒಣಗಿಹೋಗದೇ ಎಂದು ಮಿತ್ರರೊಬ್ಬರು ಕೇಳಿದ್ದುಂಟು. ಒಣಗಲಿಲ್ಲವೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳುತ್ತೇನೆ. ಸಂಬಂಧಪಟ್ಟವರ ಅನುಮತಿಯನ್ನು ಪಡೆದೇ, ಗುರುತು ಸಿಗುವ ವಿವರಗಳನ್ನು ಬಿಟ್ಟು ಹೇಳುತ್ತಿದ್ದೇನೆ.

ನಮ್ಮಲ್ಲಿ ಹೊಸ ಪಾತ್ರೆ ಮಾರುವುದರ ಜೊತೆಗೆ ಹಳೆಯ ತಾಮ್ರ ಹಿತ್ತಾಳೆಯನ್ನು ತೂಕಕ್ಕೆ ಕೊಳ್ಳುವುದೂ ಉಂಟು. 2020ರ ಮಳೆಗಾಲದಲ್ಲಿ ಇಂಥ ಪಾತ್ರೆಗಳು ಹಿಂದೆಂದೂ ಇಲ್ಲದಷ್ಟು ಬಂದವು. ಕಿರ್ದಿಯಲ್ಲಿ ಅವೆಲ್ಲ ಒಂದೇ ಬಗೆ: ಹಳೆ ತಾಮ್ರ ಖರೀದಿ, 7 ಕೆ.ಜಿ. 400 ಗ್ರಾಂ, ಹಳೆ ಹಿತ್ತಾಳೆ ಖರೀದಿ, 3 ಕೆ.ಜಿ. 150 ಗ್ರಾಂ. ದೀಪಾವಳಿಗೆ ಹೊಸ ಲೆಕ್ಕ ತೆರೆಯುವ ಮುನ್ನ ನಾನು ನೋಟ್‌ಬುಕ್ಕನ್ನು ಯುಗಾದಿಯಿಂದ ಓದುತ್ತ ಬಂದಾಗ ಜುಲೈ, ಆಗಸ್ಟ್, ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚು ಕಡಿಮೆ ಒಂದೇ ವಾಕ್ಯ ಮೂರು ಸಲ ಸಿಕ್ಕಿತು. ತೂಕಕ್ಕೆ ಇಡುವಾಗ ಕೆತ್ತಿದ ಹೆಸರಿನ ಮೇಲೆ ಕಣ್ಣು ಹೋಯಿತು, ಆಮೇಲೆ ಬಹಳ ಹೊತ್ತು ಮನಸ್ಸು ವ್ಯಾಪಾರದಲ್ಲಿ ನಿಲ್ಲಲಿಲ್ಲ ಎಂದು. ಯಾರ ಹೆಸರೆಂದು ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಮೂರೂ ಸಲ ಒಂದೇ ಹೆಸರೆಂಬುದು ಓದಿದ ಕ್ಷಣವೇ ನೆನಪಿಗೆ ಬಂತು. ಮೊದಲು ನೀರಿನ ಹಂಡೆ, ಆಮೇಲೆ ಕೊಳಗ, ಆಮೇಲೆ ಎರಡು ತಂಬಿಗೆ. ಒಂದು ಮನೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಿತ್ತು. ಕಿರ್ದಿಯಲ್ಲಿ ನೂರಾರು ನಮೂದುಗಳ ನಡುವೆ ಚದುರಿಹೋಗಿದ್ದ ಆ ಮೂರು, ಮೂರು ಸಾಲಿನ ಪುಸ್ತಕದಲ್ಲಿ ಪಕ್ಕಪಕ್ಕಕ್ಕೆ ಬಂದು ನಿಂತವು.

2021ರ ಜನವರಿಯಲ್ಲಿ ಅವರು ಹಿತ್ತಾಳೆಯ ಗಿಂಡಿಯೊಂದನ್ನು ತಂದರು. 640 ಗ್ರಾಂ. ಅದೇ ಹೆಸರು, ಕೆಳಗೆ ಮದುವೆಯ ತಾರೀಖು. ನಾನು ತೂಕದ ಹಣವನ್ನು ಕೊಟ್ಟು, ಇದನ್ನು ಕರಗಿಸಲು ಕಳಿಸುವುದಿಲ್ಲ, ಮೇಲಿನ ಹಲಗೆಯ ಮೇಲಿಟ್ಟಿರುತ್ತೇನೆ, ಅನುಕೂಲವಾದಾಗ ಇದೇ ಬೆಲೆ ಕೊಟ್ಟು ಒಯ್ಯಬಹುದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಟ್ಕೊಳ್ಳೋಕೆ ಬಾಡಿಗೆ ಎಷ್ಟು ತಗೋತೀರಣ್ಣ?" ಎಂದು ಕೇಳಿದರು. "ಏನೂ ಬೇಡಮ್ಮ" ಎಂದೆ. "ಹಂಗಾದ್ರೆ ಬೇಡಣ್ಣ, ಕರಗಿಸ್ಬಿಡಿ" ಎಂದರು.

ದಾನವನ್ನು ಕುರಿತು ಎಷ್ಟೋ ಗ್ರಂಥಗಳನ್ನು ಓದಿದ್ದೇನೆ. ಆ ಎರಡು ಮಾತುಗಳ ಮುಂದೆ ಯಾವುದೂ ಒದಗಲಿಲ್ಲ. ಕೊನೆಗೆ ತಿಂಗಳಿಗೆ ಐದು ರೂಪಾಯಿ ಎಂದು ಗೊತ್ತಾಯಿತು. ಚೀಟಿ ಬರೆದು ಅವರ ಕೈಗೆ ಒಂದನ್ನು ಕೊಟ್ಟು ಇನ್ನೊಂದನ್ನು ಗಿಂಡಿಯೊಳಗೆ ಹಾಕಿಟ್ಟೆ. ನ್ಯಾಸವೆಂದರೆ ಪರರು ನಂಬಿ ಇಟ್ಟ ಒತ್ತೆ, ಅದನ್ನು ಅಪಹರಿಸುವುದು ಸತ್ಯವ್ರತಕ್ಕೆ ದೋಷವೆಂದು ಓದಿದ್ದವನಿಗೆ, ದಿನಾಲೂ ಶಟರ್ ಎತ್ತಿದಾಗ ಕಣ್ಣು ಮೊದಲು ಆ ಹಲಗೆಯ ಕಡೆಗೇ ಹೋಗುತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ ಮತ್ತೆ ಅಂಗಡಿ ಮುಚ್ಚಬೇಕಾಯಿತು. ಗಿಂಡಿಗೆ ಕಿಲುಬು ಬಾರದಿರಲೆಂದು ಎರಡು ಸಲ ಹುಣಿಸೆಹಣ್ಣು ಹಾಕಿ ಉಜ್ಜಿಸಿದೆ. 2022ರ ಮಾರ್ಚಿನಲ್ಲಿ ಅವರು ಬಂದರು. ಗಿಂಡಿಯ ಹಣವನ್ನು ಬೇರೆ, ಹದಿನಾಲ್ಕು ತಿಂಗಳ ಬಾಡಿಗೆ ಎಪ್ಪತ್ತು ರೂಪಾಯಿಗಳನ್ನು ಬೇರೆ ಎಣಿಸಿ ಕೌಂಟರಿನ ಮೇಲಿಟ್ಟರು. ಉಳಿದ ಪಾತ್ರೆಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವರ್ಷಾಂತ್ಯದಲ್ಲಿ ನಮ್ಮ ಆಡಿಟರು, ಇತರೆ ಆದಾಯದ ಕೆಳಗೆ ಇದೇನಿದು ಎಪ್ಪತ್ತು ರೂಪಾಯಿ, ನರೇಷನ್ ಸರಿಯಾಗಿಲ್ಲವಲ್ಲ ಎಂದರು. ಗಿಂಡಿ ಕಾಪಿಟ್ಟ ಬಾಡಿಗೆ ಎಂದು ನಾನೇ ಕೈಯಾರೆ ಬರೆದುಕೊಟ್ಟೆ.

ಬರೆದ ಪುಸ್ತಕಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಐದಾರು ವರ್ಷಗಳಲ್ಲಿ ಅವೂ ಒಂದು ಪರಿಗ್ರಹವಾಗುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ನನ್ನ ಮೂರು ಸಾಲುಗಳು ಶಾಂತಿಪುರಾಣವಲ್ಲ. ಆದರೂ ಎಲ್ಲವನ್ನೂ ಅಳಿಸಿಬಿಡಬೇಕೆಂದು ನಾನು ಹೇಳುವುದಿಲ್ಲ, ಬನಾರಸೀದಾಸನು ಹಾಗೆ ಮಾಡಿದ್ದರೆ ನಾವು ಬಡವಾಗುತ್ತಿದ್ದೆವು. ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯಾದ ಮೇಲೆ ಹಿಂದಿನ ವರ್ಷದ ಪುಸ್ತಕವನ್ನು ಒಮ್ಮೆ ಪೂರ್ತಿ ಓದುತ್ತೇನೆ. ಮನೆಯ ಜನನ ಮರಣಗಳು, ಅಂಗಡಿಗೆ ಸಂಬಂಧಿಸಿದ ನಿರ್ಧಾರಗಳು, ತೀರಿಸಬೇಕಾದ ಋಣಗಳು, ಇವುಗಳನ್ನು ಒಂದು ಹಾಳೆಗೆ ಎತ್ತಿ ಬರೆದು ಕಿರ್ದಿಯ ಕಟ್ಟಿನೊಳಗೆ ಇಡುತ್ತೇನೆ. ಉಳಿದದ್ದನ್ನು ಹಳೆಯ ಕಾಲದ ಕಡತದಂತೆ ಒರೆಸಲು ಬರುವುದಿಲ್ಲ, ಸುಡುವುದಕ್ಕೆ ಮನಸ್ಸೊಪ್ಪುವುದಿಲ್ಲ, ರದ್ದಿಗೆ ಹಾಕಿದರೆ ಯಾವ ಅಂಗಡಿಯ ಪೊಟ್ಟಣದಲ್ಲಿ ಯಾರ ಕೈ ಸೇರುವುದೋ ತಿಳಿಯದು. ಆದ್ದರಿಂದ ಬಕೆಟ್ಟಿನ ನೀರಿನಲ್ಲಿ ಎರಡು ದಿನ ನೆನೆಹಾಕುತ್ತೇನೆ. ಅಕ್ಷರಗಳೆಲ್ಲ ಕರಗಿ ಕಾಗದ ಮುದ್ದೆಯಾಗುತ್ತದೆ. ಅದನ್ನು ಮಹಡಿಯ ಮೇಲಿನ ಹೂವಿನ ಕುಂಡಗಳಿಗೆ ನನ್ನ ಧರ್ಮಪತ್ನಿ ಹಾಕುತ್ತಾಳೆ. ಪೆನ್ನಿನ ಶಾಯಿ ಗಿಡಗಳಿಗೆ ಒಳ್ಳೆಯದಲ್ಲವೆಂದು ಸೊಸೆಯ ತಕರಾರು ಇದೆ. ಈ ವರ್ಷದಿಂದ ಪೆನ್ಸಿಲಿನಲ್ಲಿ ಬರೆಯಲಾದೀತೇ ಎಂದು ಯೋಚಿಸುತ್ತಿದ್ದೇನೆ.